ಅಕ್ರೀಷನ್ ಡಿಸ್ಕ್: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ವಿಜಯಪುರದಾಗ ನಾವು ನಾಲ್ಕೈದು ಮಂದಿ ಗೆಳ್ಯಾರು ಅಮಾಸಿ ಆಸುಪಾಸಿನ ಶನಿವಾರ ಊರ ಹೊರಗ ಒಬ್ಬರ ಹೊಲದಾಗ ಟೆಲಿಸ್ಕೋಪ್ ಇಟ್ಕೊಂಡು ಕೂಡತೀವಿ, ಬಂದವ್ರಿಗೆಲ್ಲ ತೋರಸ್ತೀವಿ. ಗುರು, ಶನಿ ನೋಡಿ ಮುಗದು ಚಾ ಕುಡಿಯೋ ಹೊತ್ತಿಗೆ ಮಾತು ಹೊಳ್ಳಿ ಹೊಳ್ಳಿ ಕಪ್ಪು ಕುಳಿಗೇ ಬಂದು ನಿಂದರತೈತಿ, ಅಲ್ಲಿಂದ ಅದರ ಸುತ್ತಿನ ತಟ್ಟಿಗೆ. ಅದ ಪ್ರಶ್ನಿ, ಅದ ಉತ್ತರ, ಹೇಳಿ ಹೇಳಿ ಸಾಕಾತು. ಅದಕ್ಕ ಒಂದ ಕಡೆ ಬರದು ಇಡಾಕತ್ತೀನಿ. ಸೂತ್ರ ಇಲ್ಲ, ಆದ್ರ ಅಂಕಿ ಅದಾವ, ಅಂಕಿ ಇಲ್ದ ಈ ವಿಷಯದ ಮಜಾ ತಿಳಿಯೂದಿಲ್ಲ.

ಮೊದಲ ಒಂದ ಮಾತಿನಾಗ ಹೇಳ್ರಿ, ಅಕ್ರೀಷನ್ ಡಿಸ್ಕ್ ಅಂದ್ರ ಏನು?

ನಡುವ ಒಂದು ಭಾರದ ವಸ್ತು, ಅದರ ಸುತ್ತ ಗ್ಯಾಸು ತಟ್ಟಿ ಆಕಾರದಾಗ ತಿರಗಕೋತ ತಿರಗಕೋತ ಸಾವಕಾಶ ಒಳಗ ಇಳಿಯೂದು, ಇಷ್ಟ. ಪುಸ್ತಕದಾಗ ಸಂಚಯನ ತಟ್ಟೆ ಅಂತ ಬರೀತಾರ, ನಮ್ಮ ಚಾ ಮೇಜಿನ ಮ್ಯಾಲ ಮಾತ್ರ ಯಾರೂ ಹಂಗ ಅನ್ನೂದಿಲ್ಲ, ಡಿಸ್ಕ್ ಅಂತೀವಿ ಇಲ್ಲಾ ತಟ್ಟಿ ಅಂತೀವಿ. ನಡುವ ಇರೋದು ಈಗಷ್ಟ ಹುಟ್ಟಿದ ನಕ್ಷತ್ರ ಇರಬಹುದು, ಶ್ವೇತಕುಬ್ಜ (ಉರದು ಮುಗದ ನಕ್ಷತ್ರದ ಗಟ್ಟಿ ತಿರುಳು) ಇರಬಹುದು, ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ್ದ ತಿರುಳು, ಅದಕ್ಕಿಂತ ಭಾಳ ಸಣ್ಣಗ ಅಮುಕಿದ್ದು) ಇರಬಹುದು, ಹತ್ತು ಸೂರ್ಯರಷ್ಟ ತೂಕದ ಕಪ್ಪು ಕುಳಿ ಇರಬಹುದು, ನೂರು ಕೋಟಿ ಸೂರ್ಯರಷ್ಟ ತೂಕದ್ದೂ ಇರಬಹುದು. ಎಲ್ಲಾ ಕಡೆ ಮೂಲ ಲೆಕ್ಕ ಒಂದ. "ಸಾವಕಾಶ" ಅನ್ನೋ ಶಬ್ದ ನೆನಪಿಟ್ಕೋರಿ, ಇಡೀ ಕತಿ ಅದರ ಮ್ಯಾಲ ನಿಂತೈತಿ.

ಕಪ್ಪು ಕುಳಿ ಎಲ್ಲಾನೂ ಒಳಗ ಎಳಕೋತೈತಿ ಅಂತಾರಲ್ಲ, ಹಂಗಿದ್ರ ಸೀದಾ ಬೀಳಬೇಕಲ್ಲ, ತಟ್ಟಿ ಯಾಕ ಆಕ್ಕೈತಿ?

ಈ ಪ್ರಶ್ನಿ ನನಗ ಮೊದಲ ಕೇಳಿದವರು ಒಬ್ಬ ವಯಸ್ಸಾದ ಗಿರಣಿ ಮಾಲಕರು. ನಾ ಆಗ ಹೊಸಾದಾಗಿ ಭಾಷಣ ಮಾಡಾಕ ಹತ್ತಿದ್ದೆ, ಹುರುಪಿನಾಗ "ಕಪ್ಪು ಕುಳಿ ವ್ಯಾಕ್ಯೂಮ್ ಕ್ಲೀನರ್ ಇದ್ದಂಗ" ಅಂತ ಹೇಳಿಬಿಟ್ಟಿದ್ದೆ. ಅವರು ಹಿಂದಿನ ಕುರ್ಚಿಯಿಂದ ಎದ್ದು ಇದ ಮಾತು ಕೇಳಿದ್ರು. ನನ್ನ ಕಡೆ ಉತ್ತರ ಇರಲಿಲ್ಲ, ಏನೋ ಬಡಬಡಿಸಿ ಕೂತೆ. ಮನಿಗೆ ಬಂದು ಓದಿದ ಮ್ಯಾಲ ತಿಳೀತು, ಅವರ ಪ್ರಶ್ನಿನ ಬರೋಬರಿ, ನನ್ನ ಹೋಲಿಕಿನ ತಪ್ಪು.

ಖರೇ ಸಂಗತಿ ಏನಂದ್ರ ಬೀಳೂದು ಭಾಳ ಕಠಿಣ. ಭೂಮಿನ ನೋಡ್ರಿ, ಸೂರ್ಯ 450 ಕೋಟಿ ವರ್ಷದಿಂದ ಎಳೀತಾನ ಇದ್ದಾನ, ಭೂಮಿ ಬಿದ್ದಿಲ್ಲ, ಯಾಕಂದ್ರ ಅದಕ್ಕ ಸೆಕೆಂಡಿಗೆ 30 ಕಿಲೋಮೀಟರ್ ಅಡ್ಡ ವೇಗ ಐತಿ. ಅದನ್ನ ಯಾರರ ಕಸಗೊಂಡ್ರ ಮಾತ್ರ ಅದು ಬೀಳತೈತಿ. ಸೂರ್ಯನ್ನ ತಗದು ಅಷ್ಟ ತೂಕದ ಕಪ್ಪು ಕುಳಿ ಇಟ್ರೂ ಭೂಮಿ ಹಿಂಗ ತಿರಗತೈತಿ, ಕತ್ತಲ ಆಗಿ ಥಂಡಿ ಹತ್ತತೈತಿ, ಅಷ್ಟ.

ಆ ಅಡ್ಡ ವೇಗದ ಲೆಕ್ಕಕ್ಕ ಫಿಸಿಕ್ಸ್‌ದಾಗ ಕೋನೀಯ ಸಂವೇಗ ಅಂತಾರ. ನಾ ಅದಕ್ಕ ಸುತ್ತಿನ ಗಂಟು ಅಂತೀನಿ. ಪ್ರತಿ ಕಣದ ಸೊಂಟಕ್ಕ ಒಂದು ಗಂಟು ಕಟ್ಟೈತಿ, ಅದನ್ನ ಎಸಿಯಾಕ ಬರೂದಿಲ್ಲ, ಸುಡಾಕ ಬರೂದಿಲ್ಲ, ಇನ್ನೊಬ್ಬರ ಕೈಯಾಗ ಕೊಡಾಕ ಮಾತ್ರ ಬರತೈತಿ. ಗಂಟು ಕೊಡೂತನ ಬಾಗಲ ಒಳಗ ಬಿಡೂದಿಲ್ಲ. ಈ ಗಂಟು ಕೈ ಬದಲಿಸೋ ಜಾಗಾನ ಡಿಸ್ಕ್.

ತಟ್ಟಿನ ಯಾಕ? ಉಂಡಿ ಯಾಕ ಆಗೂದಿಲ್ಲ?

ಮ್ಯಾಲ ಕೆಳಗ ಹೋಗೋ ಗ್ಯಾಸು ಒಂದಕ್ಕೊಂದು ಢಿಕ್ಕಿ ಹೊಡದು ಆ ಚಲನಿ ಬಿಸಿ ಆಗಿ, ಬಿಸಿ ಬೆಳಕಾಗಿ ಹೊರಗ ಹೊಕ್ಕೈತಿ. ಸುತ್ತೂದು ಮಾತ್ರ ಉಳೀತೈತಿ, ಗಂಟು ಹಂಗ ಕರಗೂದಿಲ್ಲಲ್ಲ. ಚಂದಂಗ ತಣ್ಣಗಾಗೋ ತಟ್ಟಿ ಅಗದಿ ತೆಳ್ಳಗ ಇರತೈತಿ, ದಪ್ಪ ಅಂದ್ರ ಅಗಲದ ನೂರನೇ ಒಂದು ಪಾಲಿನ ಆಸುಪಾಸು, ನಮ್ಮ ಕಡಕ್ ರೊಟ್ಟಿ ಲೆಕ್ಕ. ಹೊಸ ನಕ್ಷತ್ರದ ಸುತ್ತಿಂದು ಒಂದಿಷ್ಟು ದಪ್ಪ.

ಸರಿ, ಹಂಗಾದ್ರ ಗಂಟು ಕೈ ಬದಲಿಸೂದು ಹೆಂಗ?

ಇದಕ್ಕ ಕಣದಾಗ ಹಂತಿ ಹೊಡಿಯೂದನ್ನ ನೆನಸಕೋರಿ. ಈಗ ಮಷೀನ್ ಬಂದು ಹಂತಿ ಕಡಿಮಿ ಆಗೈತಿ, ನಾ ಸಣ್ಣಾಂವ ಇದ್ದಾಗ ಅಜ್ಜನ ಕಣದಾಗ ನೋಡೀನಿ: ನಡುವ ಮೇಟಿ, ಅದಕ್ಕ ಸಾಲಾಗಿ ಕಟ್ಟಿದ ಎತ್ತು, ಮೇಟಿ ಹತ್ರದ ಎತ್ತು ನಿಂತಲ್ಲೇ ತಿರಗಿದಂಗ ಸಣ್ಣ ಹೆಜ್ಜಿ, ಹೊರಗಿಂದು ಓಡಬೇಕು, ಅದಕ್ಕ ಚಲೋ ಕಸುವಿನ ಎತ್ತನ್ನ ಹೊರಗ ಕಟ್ಟತಿದ್ರು. ಡಿಸ್ಕಿನಾಗ ಇದು ಉಲ್ಟಾ. ಒಳಗಿಂದು ಜೋರು, ಹೊರಗಿಂದು ನಿಧಾನ. ಬುಧ ಸೆಕೆಂಡಿಗೆ 47 ಕಿಲೋಮೀಟರ್, ಭೂಮಿ 30, ಅದ ನಿಯಮ.

ಈಗ ಪಕ್ಕಪಕ್ಕದ ಎರಡು ಉಂಗುರ ಹಿಡೀರಿ. ಒಳಗಿಂದು ಜೋರು ಹೊಂಟೈತಿ, ಹೊರಗಿಂದು ಹಿಂದ ಬಿದ್ದೈತಿ, ನಡುವ ತಿಕ್ಕಾಟ ಆದ್ರ ಒಳಗಿಂದಕ್ಕ ಬ್ರೇಕ್ ಬೀಳತೈತಿ, ಹೊರಗಿಂದಕ್ಕ ತಳ್ಳು ಸಿಗತೈತಿ. ಅಂದ್ರ ಒಳಗಿನ ಉಂಗುರ ತನ್ನ ಗಂಟಿನಾಗಿಂದ ಒಂದಿಷ್ಟು ತಗದು ಹೊರಗಿನವ್ರಿಗೆ ಕೊಡತು. ಕೊಟ್ಟದ್ದು ಒಳಗ ಇಳೀತು, ತಗೊಂಡದ್ದು ಹೊರಗ ಸರೀತು. ಬಹಳಷ್ಟು ಮಾಲು ಒಳಗ, ಸ್ವಲ್ಪ ಮಾಲು ಎಲ್ಲಾರ ಗಂಟು ಹೊತ್ಕೊಂಡು ದೂರ ಹೊರಗ.

ಇಲ್ಲೇ ಒಂದು ವಿಚಿತ್ರ ಐತಿ, ಕೇಳಿದವರು ಒಮ್ಮೆ ನಗತಾರ: ಬ್ರೇಕ್ ಬಿದ್ದದ್ದು ಕೊನಿಗೆ ಮೊದಲಿಗಿಂತ ಜೋರ ಓಡತೈತಿ. ಯಾಕಂದ್ರ ಬ್ರೇಕ್ ಬಿದ್ದು ಒಳಗ ಇಳೀತಲ್ಲ, ಇಳಿಯುವಾಗ ಗುರುತ್ವ ವೇಗ ಕೊಡತೈತಿ, ಬ್ರೇಕ್ ತಗೊಂಡದ್ದಕ್ಕಿಂತ ಜಾಸ್ತಿ. ಇಳದಾಗ ಸಿಕ್ಕ ಶಕ್ತಿಯಾಗ ಅರ್ಧ ವೇಗ ಆಗಿ ಒಳಗ ಉಳೀತೈತಿ, ಇನ್ನರ್ಧ ತಿಕ್ಕಾಟದಾಗ ಬಿಸಿ ಆಗಿ ಬೆಳಕಾಗಿ ಹೊರಗ ಬೀಳತೈತಿ. ಗಿರಣಿಯಿಂದ ಜ್ವಾಳದ ಹಿಟ್ಟಿನ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಬೈಕಿನ ಹಿಂದ ಕೂತವ್ರಿಗೆ ಈ ಬಿಸಿ ಏನಂತ ಗೊತ್ತೈತಿ. ಗಿರಣಿ ಮಾಲಕರಿಗೆ ಆಮ್ಯಾಲ ಹೋಗಿ ಇದನ್ನ ಹೇಳಿದೆ, ಅವರು "ಹಂಗಾದ್ರ ಅದೂ ಬೀಸುಕಲ್ಲ, ಕಾಳ ಹಾಕೂದು ಅಂಚಿನಾಗ, ಹಿಟ್ಟು ಬೀಳೂದು ನಡುವ" ಅಂದ್ರು. ಆ ಮಾತನ್ನ ನಾ ಇವತ್ತಿಗೂ ಕದ್ದು ಬಳಸ್ತೀನಿ.

ಆದ್ರ ಅಷ್ಟು ತೆಳ್ಳಗಿನ ಗ್ಯಾಸಿನಾಗ ತಿಕ್ಕಾಟ ಎಲ್ಲಿಂದ ಬರತೈತಿ?

ಇದು ಅಸಲಿ ಪ್ರಶ್ನಿ. ವಿಜ್ಞಾನಿಗಳು ಇದರ ಮ್ಯಾಲ ದಶಕಗಟ್ಟಲೆ ತಲಿ ಕೆಡಿಸಕೊಂಡಾರ. ಜೇನಿನಾಗ, ಕಾಕಂಬಿಯಾಗ ಇರೋ ಅಂಟು, ಅಂದ್ರ ಅಣು ಅಣುಗಳ ನಡುವಿನ ಸಹಜ ತಿಕ್ಕಾಟ, ಅದರ ಲೆಕ್ಕ ಹಾಕಿದ್ರ ಒಂದು ಡಿಸ್ಕ್ ಒಳಗ ಇಳಿಯಾಕ ಬ್ರಹ್ಮಾಂಡದ ವಯಸ್ಸೂ ಸಾಲೂದಿಲ್ಲ. ಕಣ್ಣಿಗೆ ಕಾಣೂದು ನೋಡಿದ್ರ ದಿನದಾಗ, ವಾರದಾಗ ಇಳದು ಹೋಗಿರತೈತಿ.

1973ರಾಗ ಶಕೂರಾ ಮತ್ತ ಸುನ್ಯಾಯೆವ್ ಅಂತ ಇಬ್ಬರು ಸೋವಿಯತ್ ವಿಜ್ಞಾನಿಗಳು ಒಂದು ಜಾಣತನ ಮಾಡಿದ್ರು. ಕಾರಣ ಏನಿದ್ರೂ ಇರಲಿ, ಗ್ಯಾಸು ಕಲಕಿ ಸುಳಿ ಆಗಿರತೈತಿ, ಆ ಸುಳಿಯ ತಿಕ್ಕಾಟ ಒತ್ತಡದ ಒಂದು ಪಾಲು ಅನ್ಕೋಳ್ಳೋಣ, ಆ ಪಾಲಿಗೆ ಆಲ್ಫಾ ಅಂತ ಹೆಸರಿಡೋಣ, ಬೆಲಿ ಸೊನ್ನಿಯಿಂದ ಒಂದರ ನಡುವ. ಖರೇ ಹೇಳಬೇಕಂದ್ರ ಇದು ಗೊತ್ತಿಲ್ಲದ್ದಕ್ಕ ಒಂದು ಅಕ್ಷರ ಅಂಟಿಸಿದಂಗ, ಆದ್ರ ಡಿಸ್ಕಿನ ಬಿಸಿ ಎಷ್ಟು, ಬೆಳಕು ಎಷ್ಟು ಅಂತ ಲೆಕ್ಕ ಬರಾಕ ಅಷ್ಟ ಸಾಕಾತು. ಇವತ್ತಿಗೂ ಮಂದಿ ಆಲ್ಫಾ ಡಿಸ್ಕ್ ಅಂತಾನ ಲೆಕ್ಕ ಶುರು ಮಾಡತಾರ.

ಕಾರಣ ಸಿಕ್ಕದ್ದು 1991ರಾಗ, ಬಾಲ್ಬಸ್ ಮತ್ತ ಹಾಲೀ ಅನ್ನೋ ಇಬ್ಬರಿಂದ. ಉತ್ತರ ಆಯಸ್ಕಾಂತ ಕ್ಷೇತ್ರ. ಹೊಳ್ಳಿ ಎತ್ತಿಗೇ ಬರೋಣ: ಡಿಸ್ಕಿನಾಗ ಪಕ್ಕಪಕ್ಕದ ಎರಡು ಎತ್ತಿಗೆ ಒಂದು ರಬ್ಬರ್ ಹಗ್ಗ ಕಟ್ಟೀರಿ ಅನ್ಕೋರಿ. ಒಳಗಿಂದು ಮುಂದ ಓಡತು, ಹಗ್ಗ ಬಿಗೀತು, ಹಗ್ಗ ಅದನ್ನ ಹಿಂದಕ್ಕ ಜಗ್ಗಿತು, ಜಗ್ಗಿದಕೂಡ್ಲೇ ಅದರ ಗಂಟು ಕಡಿಮಿ ಆಗಿ ಅದು ಇನ್ನೂ ಒಳಗ ಇಳೀತು, ಒಳಗ ಇಳದದ್ದು ಇನ್ನೂ ಜೋರ ಓಡತು, ಹಗ್ಗ ಇನ್ನೂ ಬಿಗೀತು. ತಡೀಬೇಕಾದ ಹಗ್ಗಾನ ಜಗಳ ಹೆಚ್ಚ ಮಾಡತೈತಿ. ಸ್ವಲ್ಪೇ ಸ್ವಲ್ಪ ಕ್ಷೇತ್ರ ಇದ್ರೂ ಸಾಕು, ಒಂದೆರಡು ಸುತ್ತಿನಾಗ ಗ್ಯಾಸೆಲ್ಲಾ ಕಲಕಿ ರಾಡಿ ಆಕ್ಕೈತಿ. ರಬ್ಬರ್ ಹಗ್ಗ ಅಂದ್ರ ಆಯಸ್ಕಾಂತ ರೇಖೆ.

ಮಜಾ ಏನಂದ್ರ ಈ ಅಸ್ಥಿರತೆಯ ಗಣಿತ 1959ರಾಗ ವೆಲಿಖೋವ್, 1960ರಾಗ ನಮ್ಮ ಚಂದ್ರಶೇಖರ್ ಮಾಡಿ ಇಟ್ಟಿದ್ರು, ಎರಡು ಸಿಲಿಂಡರ್ ನಡುವಿನ ದ್ರವದ ಲೆಕ್ಕದಾಗ. ಮೂವತ್ತು ವರ್ಷ ಅದು ಡಿಸ್ಕಿಗೆ ಬೇಕಾದ ಕೀಲಿ ಅಂತ ಯಾರಿಗೂ ಹೊಳೀಲಿಲ್ಲ. ಕೀಲಿ ಕಿಸೆದಾಗ, ಹುಡುಕಾಟ ಊರೆಲ್ಲಾ.

ಇದೂ ಎಲ್ಲಾ ಕಡೆ ನಡಿಯೂದಿಲ್ಲ. ಹೊಸ ನಕ್ಷತ್ರಗಳ ತಟ್ಟಿ ತಣ್ಣಗ ಇರತೈತಿ, ಗ್ಯಾಸಿನಾಗ ವಿದ್ಯುತ್ ಕಣ ಕಡಿಮಿ, ಆಯಸ್ಕಾಂತದ ಹಿಡಿತಕ್ಕ ಗ್ಯಾಸು ಸಿಗೂದಿಲ್ಲ. ಅಲ್ಲಿ ತಟ್ಟಿ ಮ್ಯಾಲಿಂದ ಹೊರಗ ಬೀಸೋ ಗಾಳಿ ಗಂಟು ಹೊತ್ಕೊಂಡು ಹೊಕ್ಕೈತಿ ಅಂತ ಈಗ ಭಾಳ ಮಂದಿ ಒಪ್ಪತಾರ.

ಬೀಳೂದರಾಗ ಅಷ್ಟೇನ ಶಕ್ತಿ ಐತ್ರಿ?

ಗೋಕಾಕ ಫಾಲ್ಸ್ ನೋಡೀರಲ್ಲ, 52 ಮೀಟರ್ ಎತ್ತರ. ಘಟಪ್ರಭಾದ ಒಂದು ಕಿಲೋ ನೀರು ಮ್ಯಾಲಿಂದ ಕೆಳಗ ಬಿದ್ರ ಸಿಗೂದು ಸುಮಾರ 510 ಜೂಲ್. ಅಷ್ಟರಾಗ ಅದ ನೀರನ್ನ ಒಂದು ಡಿಗ್ರಿಯ ಎಂಟನೇ ಒಂದು ಪಾಲು ಬಿಸಿ ಮಾಡಬಹುದು, ಕೈಗೂ ತಿಳಿಯೂದಿಲ್ಲ.

ಈಗ ಅದ ಒಂದು ಕಿಲೋನ ನ್ಯೂಟ್ರಾನ್ ನಕ್ಷತ್ರದ ಮ್ಯಾಲ ಬೀಳಸ್ರಿ. ತೂಕ 1.4 ಸೂರ್ಯರಷ್ಟು, ಅರ್ಧವ್ಯಾಸ 10 ಕಿಲೋಮೀಟರ್ ಅಂತ ಹಿಡದ್ರ, ಸಿಗೋ ಶಕ್ತಿ 500 ಕೋಟಿ ಯೂನಿಟ್ ಕರೆಂಟ್. ನಮ್ಮ ಆಲಮಟ್ಟಿ ಪವರ್ ಹೌಸ್ 290 ಮೆಗಾವ್ಯಾಟಿಂದು, ಅದು ಒಂದ ದಿನಾನೂ ನಿಲ್ಲದ ಪೂರ್ತಿ ಜೋರಿನಾಗ ವರ್ಷಪೂರ್ತಿ ಓಡಿದ್ರ 254 ಕೋಟಿ ಯೂನಿಟ್ ಆಕ್ಕೈತಿ, ಹಂಗ ಅದು ಎಂದೂ ಓಡೂದಿಲ್ಲ, ಮಳಿ ನೋಡಿ ಓಡತೈತಿ. ಅಂದ್ರ ಒಂದು ಕಿಲೋ ಜ್ವಾಳ ಬಿದ್ರ ಆಲಮಟ್ಟಿಯ ಎರಡು ವರ್ಷದ ಕರೆಂಟ್.

ಸೂರ್ಯನೊಳಗಿನ ಹೈಡ್ರೋಜನ್ ಸಮ್ಮಿಲನ, ಅಂದ್ರ ಹೈಡ್ರೋಜನ್ ಬಾಂಬಿನ ಕೆಲಸ, ಅದೂ ಇದರ ಮುಂದ ಬಡವ. ಅದರಾಗ ತೂಕದ 0.7 ಪರ್ಸೆಂಟ್ ಮಾತ್ರ ಶಕ್ತಿ ಆಕ್ಕೈತಿ, ಇಲ್ಲಿ ಅದರ ಮೂವತ್ತು ಪಟ್ಟು. ಸುತ್ತದ ಕಪ್ಪು ಕುಳಿಯ ಡಿಸ್ಕಿನಾಗ 5.7 ಪರ್ಸೆಂಟ್, ಅಗದಿ ಜೋರ ಸುತ್ತೋ ಕಪ್ಪು ಕುಳಿ ಇದ್ರ ಲೆಕ್ಕದ ಪ್ರಕಾರ 42 ಪರ್ಸೆಂಟ್ ತನಕ. ಶ್ವೇತಕುಬ್ಜದಾಗ ಮಾತ್ರ ಭಾಳ ಕಡಿಮಿ, ಅದು ಭೂಮಿಯಷ್ಟು ಅಗಲ, ಕೆಳಗ ಬೀಳೋ ಆಳ ಸಾಲೂದಿಲ್ಲ. ವಸ್ತು ಎಷ್ಟು ಸಣ್ಣದೋ ಬೀಳೋ ಆಳ ಅಷ್ಟು ಜಾಸ್ತಿ, ಅದಕ್ಕ ಈ ವಿಷಯದಾಗ ಸಣ್ಣ ವಸ್ತುಗಳಿಗೇ ದರ್ಬಾರು.

1963ರಾಗ 3ಸಿ 273 ಅನ್ನೋ ಕ್ವೇಸಾರ್, ಅಂದ್ರ ನಕ್ಷತ್ರದಂಗ ಚುಕ್ಕಿ ಕಾಣೋ, ದೂರದ ಗ್ಯಾಲಕ್ಸಿಯ ಜೋರ ಹೊಳಿಯೋ ನಡು, ಎಷ್ಟು ದೂರ ಐತಿ ಅಂತ ತಿಳಿದಾಗ ಮಂದಿ ದಂಗಾದ್ರು, ಅಷ್ಟು ದೂರದಿಂದ ಅಷ್ಟು ಬೆಳಕು ಕೊಡೂದು ಯಾವ ಒಲಿ ಅಂತ. ಮರುವರ್ಷ ಸಾಲ್ಪೀಟರ್ ಮತ್ತ ಜೆಲ್ಡೋವಿಚ್ ಬ್ಯಾರೆ ಬ್ಯಾರೆ ಕೂತು ಕಪ್ಪು ಕುಳಿಗೆ ಬೀಳೋ ಗ್ಯಾಸು ಅಂದ್ರು, 1969ರಾಗ ಲಿಂಡೆನ್ ಬೆಲ್ ಅದಕ್ಕ ಡಿಸ್ಕ್ ಜೋಡಿಸಿದ್ರು.

ಕಪ್ಪು ಕುಳಿ ಕಪ್ಪ ಇರಬೇಕು, ಬೆಳಕ ಹೆಂಗ ಬರತೈತಿ?

ಬೆಳಕು ಅದರದಲ್ಲ, ಅದರ ಬಾಗಲ (ದಾಟಿದ್ರ ಬೆಳಕೂ ಹೊಳ್ಳಿ ಬರದ ಗಡಿ) ಹೊರಗ ನೂಕ್ಯಾಡೋ ಗ್ಯಾಸಿಂದು. ಡಿಸ್ಕ್ ಬಾಗಲ ತನಕ ಹೋಗೂದಿಲ್ಲ, ಒಂದು ಕೊನೇ ಸುತ್ತು ಅಂತ ಇರತೈತಿ, ಅದರ ಒಳಗ ಯಾವುದೂ ನಿಂತು ಸುತ್ತಾಕ ಆಗೂದಿಲ್ಲ, ಧಡಕ್ಕನ ಬೀಳತೈತಿ. ಹತ್ತು ಸೂರ್ಯರ ತೂಕದ, ಸುತ್ತದ ಕಪ್ಪು ಕುಳಿಗೆ ನಡುವಿನಿಂದ ಬಾಗಲ 30 ಕಿಲೋಮೀಟರ್, ಕೊನೇ ಸುತ್ತು 90 ಕಿಲೋಮೀಟರ್, ಹೆಚ್ಚುಕಡಿಮಿ ವಿಜಯಪುರದಿಂದ ಬಾಗಲಕೋಟಿ ಅಷ್ಟು. ಅಷ್ಟು ದೂರ ಇಟ್ಕೊಂಡು ಗ್ಯಾಸು ಒಂದು ಸೆಕೆಂಡಿನಾಗ 220 ಸುತ್ತು ಹೊಡೀತೈತಿ.

ನಡುವ ನ್ಯೂಟ್ರಾನ್ ನಕ್ಷತ್ರ ಇದ್ರ ಕತಿ ಬ್ಯಾರೆ, ಅದಕ್ಕ ನೆಲ ಐತಿ. ಬಂದ ಗ್ಯಾಸು ನೆಲಕ್ಕ ಅಪ್ಪಳಿಸಿ ಉಳಿದ ಶಕ್ತಿನೂ ಅಲ್ಲೇ ಬೆಳಕು ಮಾಡತೈತಿ, ಕೂಡಿಬಿದ್ದ ಹೈಡ್ರೋಜನ್ ಹೀಲಿಯಂ ಆಗಾಗ ಬಾಂಬಿನಂಗ ಹೊತ್ತಿ ಕೆಲವು ಸೆಕೆಂಡು ಎಕ್ಸ್‌ರೇ ಮಿಂಚು ಕೊಡತೈತಿ. ಆ ಮಿಂಚು ಕಂಡ್ರ ಅಲ್ಲಿ ನೆಲ ಐತಿ, ಕಪ್ಪು ಕುಳಿ ಅಲ್ಲ, ಅಷ್ಟು ಖಾತ್ರಿ. ಮತ್ತ ಗಂಟಿನ ಕೊನೇ ಕಂತು ಇಲ್ಲಿ ನಕ್ಷತ್ರಕ್ಕೇ ಸಿಗತೈತಿ: ಕೋಟಿಗಟ್ಟಲೆ ವರ್ಷ ತಿಂದು ತಿಂದು ಬುಗುರಿ ಹಂಗ ಜೋರ ಸುತ್ತಾಕ ಹತ್ತತೈತಿ. 1998ರಾಗ ಹಂತಾದ್ದೊಂದು ಸಿಕ್ತು, ತಿನ್ನಾಕತ್ತಿದಾಗಲೇ ಸೆಕೆಂಡಿಗೆ 401 ಸುತ್ತು ಹೊಡಿಯೋ ನ್ಯೂಟ್ರಾನ್ ನಕ್ಷತ್ರ.

ಡಿಸ್ಕ್ ಎಷ್ಟು ಬಿಸಿ? ಸಿನಿಮಾದಾಗಿನಂಗ ಕೇಸರಿ ಬಣ್ಣ ಇರತೈತಾ?

ಹತ್ತು ಸೂರ್ಯರ ತೂಕದ ಕಪ್ಪು ಕುಳಿ ಹೊಟ್ಟಿತುಂಬ ತಿನ್ನಾಕತ್ತಿದ್ರ ಡಿಸ್ಕಿನ ಒಳಗಿನ ಅಂಚು ಒಂದು ಕೋಟಿ ಡಿಗ್ರಿ ಹತ್ರ. ಅಷ್ಟು ಬಿಸಿ ಇದ್ದದ್ದು ಕೇಸರಿ ಅಲ್ಲ, ಎಕ್ಸ್‌ರೇ ಉಗುಳತೈತಿ. ಹೊರಗ ಹೋದಂಗ ತಣ್ಣಗ.

ಮಂದಿ ಉಲ್ಟಾ ತಿಳ್ಕೊಳ್ಳೋದು ಇಲ್ಲೇ: ದೊಡ್ಡ ಕಪ್ಪು ಕುಳಿ ಅಂದ್ರ ಹೆಚ್ಚು ಬಿಸಿ ಅಂತ. ಅಲ್ಲ. ತೂಕ ಹತ್ತು ಕೋಟಿ ಪಟ್ಟು ಆದ್ರ ಬಿಸಿ ನೂರು ಪಟ್ಟು ಕಡಿಮಿ ಆಕ್ಕೈತಿ, ನೂರು ಕೋಟಿ ಸೂರ್ಯರ ತೂಕಕ್ಕ ಒಂದು ಲಕ್ಷ ಡಿಗ್ರಿ. ಬೆಳಕು ಒಟ್ಟು ಭಾಳ ಜಾಸ್ತಿ, ಖರೇ, ಆದ್ರ ಹರವಿದ ಜಾಗ ಇನ್ನೂ ಜಾಸ್ತಿ. ಅದಕ್ಕ ಕ್ವೇಸಾರಿನ ಡಿಸ್ಕ್ ಹೊಳಿಯೂದು ಅಲ್ಟ್ರಾವೈಲೆಟ್‌ನಾಗ.

ಎಕ್ಸ್‌ರೇ ನಮ್ಮ ಗಾಳಿ ದಾಟಿ ಕೆಳಗ ಬರೂದಿಲ್ಲ, ಅದಕ್ಕ 1962ರ ತನಕ ಯಾರಿಗೂ ಗೊತ್ತಾಗಲಿಲ್ಲ. ಆ ವರ್ಷ ಜಕೋನಿ ತಂಡದವರು ರಾಕೆಟ್ ಹಾರಿಸಿ ಕೆಲವೇ ನಿಮಿಷ ಮ್ಯಾಲ ಇದ್ದು ವೃಶ್ಚಿಕ ರಾಶಿಯಾಗ ಒಂದು ಎಕ್ಸ್‌ರೇ ಮೂಲ ಹಿಡದ್ರು, ಸ್ಕೋ ಎಕ್ಸ್-1. ಜಕೋನಿ ಅವರಿಗೆ 2002ರಾಗ ನೊಬೆಲ್ ಬಂತು.

ತಿನ್ನಾಕ ಮಿತಿ ಐತೇನು?

ಐತಿ. ಬೆಳಕಿಗೂ ತಳ್ಳು ಇರತೈತಿ, ಭಾಳ ತಿಂದ್ರ ಭಾಳ ಬೆಳಕು, ಆ ಬೆಳಕು ಬರೋ ಗ್ಯಾಸನ್ನ ಹಿಂದಕ್ಕ ನೂಕತೈತಿ. ಒಂದು ಸೂರ್ಯನ ತೂಕಕ್ಕ ಸುಮಾರ 33,000 ಸೂರ್ಯರ ಬೆಳಕು, ಅದರ ಹೆಸರು ಎಡಿಂಗ್ಟನ್ ಮಿತಿ. ಎಲ್ಲಾ ದಿಕ್ಕಿನಿಂದ ಒಂದ ಸಮ ಬೀಳತೈತಿ ಅಂತ ಹಿಡದು ಹಾಕಿದ ಲೆಕ್ಕ ಅದು, ಡಿಸ್ಕ್ ಇದ್ದಲ್ಲಿ ಒಂದಿಷ್ಟು ಮೀರಬಹುದು, ಮೀರಿದ್ದೂ ಅದಾವ.

ಕೆಲವು ಒಮ್ಮಿಂದೊಮ್ಮೆಲೆ ಭಗ್ ಅಂತ ಹೊತ್ತತಾವಲ್ಲ, ಅದ್ಯಾಕ?

ಅದು ಡ್ಯಾಮಿನ ಕತಿ. ಶ್ವೇತಕುಬ್ಜ ಒಂದು, ಪಕ್ಕದಾಗ ಒಂದು ಸಾದಾ ನಕ್ಷತ್ರ, ಅದು ಉಕ್ಕಿ ಗ್ಯಾಸು ಈ ಕಡೆ ಹರೀತೈತಿ. ಡಿಸ್ಕ್ ತಣ್ಣಗ ಇದ್ದಾಗ ಹೈಡ್ರೋಜನ್ ಸುಮ್ನ ಇರತೈತಿ, ತಿಕ್ಕಾಟ ಕಡಿಮಿ, ಬಂದದ್ದು ಬಂದಂಗ ಕೂಡಿ ಬೀಳತೈತಿ, ಗೇಟ್ ಹಾಕಿದ ಡ್ಯಾಮ್. ಕೂಡಿ ಕೂಡಿ ಬಿಸಿ ಹತ್ತು ಸಾವಿರ ಡಿಗ್ರಿ ಹತ್ರ ಬಂತಂದ್ರ ಹೈಡ್ರೋಜನ್ ಒಡದು ವಿದ್ಯುತ್ ಕಣ ಆಕ್ಕಾವ, ಬೆಳಕು ಒಳಗ ಸಿಕ್ಕಿಹಾಕ್ಕೊಂಡು ಬಿಸಿ ಏರತೈತಿ, ತಿಕ್ಕಾಟ ಜಿಗೀತೈತಿ, ಗೇಟ್ ತಗೀತು. ಕೂಡಿದ ಮಾಲು ದಡದಡ ಒಳಗ. ಖಾಲಿ ಆಗಿ ತಣ್ಣಗಾತು, ಗೇಟ್ ಬಂದ್. ಎಸ್‌ಎಸ್ ಸಿಗ್ನಿ ಅನ್ನೋ ನಕ್ಷತ್ರ ಹೆಚ್ಚುಕಡಿಮಿ ಏಳು ವಾರಕ್ಕೊಮ್ಮೆ ಹಿಂಗ ಮಾಡತೈತಿ, 12ನೇ ಕಾಂತಿಮಾನದಿಂದ 8ಕ್ಕ ಏರತೈತಿ (ಕಾಂತಿಮಾನದ ಅಂಕಿ ಇಳದಷ್ಟು ಬೆಳಕು ಹೆಚ್ಚು), ಅಂದ್ರ 40 ಪಟ್ಟು ಬೆಳಕು. ಸಣ್ಣ ಟೆಲಿಸ್ಕೋಪಿನಾಗ ನಾವ ನೋಡೀವಿ, ಹೋದ ವಾರ ಇಲ್ಲದ ನಕ್ಷತ್ರ ಈ ವಾರ ಕೂತಿರತೈತಿ.

ಗ್ರಹ ಹುಟ್ಟೂದೂ ಇಂಥಾ ತಟ್ಟಿಯಾಗೇನಾ?

ಹೌದ್ರಿ. ನಾವೂ ಇಂಥಾ ತಟ್ಟಿಯಾಗ ಉಳದ ಮಾಲು. 2014ರಾಗ ಚಿಲಿ ದೇಶದ ಆಲ್ಮಾ ರೇಡಿಯೋ ದೂರದರ್ಶಕ ಎಚ್‌ಎಲ್ ಟೌರಿ ಅನ್ನೋ ಹೊಸ ನಕ್ಷತ್ರದ ಚಿತ್ರ ತಗೀತು, ಗ್ರಾಮಾಫೋನ್ ಪ್ಲೇಟಿನಂಗ ಉಂಗುರ ಉಂಗುರ. ಸಂದಿನಾಗ ಗ್ರಹ ಹುಟ್ಟಾಕತ್ತಾವ ಅಂತ ಭಾಳ ಮಂದಿ ಓದತಾರ. ಇಂಥಾ ತಟ್ಟಿ ಬಾಳೂದು ಕೆಲವು ಹತ್ತು ಲಕ್ಷ ವರ್ಷ, ಅಷ್ಟರಾಗ ಗುರು ಅಂಥಾ ಗ್ಯಾಸ್ ಗ್ರಹ ತನ್ನ ಪಾಲು ತಗೊಂಡು ಮುಗಿಸಬೇಕು. ಶನಿಯ ಉಂಗುರ ಇದರ ಜಾತಿ ಅಲ್ಲ, ಮಂದಿ ಯಾವಾಗ್ಲೂ ಕೇಳತಾರ. ಅದು ಐಸ್ ತುಂಡುಗಳ ಉಂಗುರ, ಅದರಿಂದ ಶನಿ ಬೆಳಿಯಾಕತ್ತಿಲ್ಲ.

2019ರ ಕಪ್ಪು ಕುಳಿ ಫೋಟೋದಾಗ ಕಂಡದ್ದು ಇದ ಡಿಸ್ಕಾ?

ಅರ್ಧ ಹೌದು. ಅದು ಎಂ87 ಗ್ಯಾಲಕ್ಸಿ ನಡುವಿನ ಕಪ್ಪು ಕುಳಿ, 650 ಕೋಟಿ ಸೂರ್ಯರ ತೂಕ, ಐದೂವರೆ ಕೋಟಿ ಬೆಳಕಿನ ವರ್ಷ ದೂರ. 2022ರಾಗ ನಮ್ಮ ಆಕಾಶಗಂಗೆ ನಡುವಿಂದೂ ತೋರಿಸಿದ್ರು, 40 ಲಕ್ಷ ಸೂರ್ಯರದು. ಕೇಸರಿ ಬಣ್ಣ ಕಂಪ್ಯೂಟರ್ ಬಳದದ್ದು, ಹಿಡದದ್ದು 1.3 ಮಿಲಿಮೀಟರ್ ರೇಡಿಯೋ ತರಂಗ. ಉಂಗುರದ ಒಂದು ಕಡೆ ಹೆಚ್ಚು ಹೊಳಪು ಯಾಕಂದ್ರ ಆ ಕಡೆ ಗ್ಯಾಸು ಬೆಳಕಿನ ವೇಗದ ಹತ್ರದಾಗ ನಮ್ಮ ಕಡೆ ಬರಾಕತ್ತೈತಿ.

ಆದ್ರ ಈ ಎರಡೂ ಕಡಕ್ ರೊಟ್ಟಿ ಜಾತಿ ಅಲ್ಲ, ಉಬ್ಬಿದ ಪೂರಿ ಜಾತಿ. ಗ್ಯಾಸು ಎಷ್ಟು ವಿರಳ ಅಂದ್ರ ಬಿಸಿಯಾದ್ರೂ ಬೆಳಕು ಮಾಡಿ ತಣ್ಣಗಾಗಾಕ ಬರೂದಿಲ್ಲ, ಬಿಸಿನ ಹೊತ್ಕೊಂಡ ಒಳಗ ಬಿದ್ದುಬಿಡತೈತಿ. ಭಾರತದಾಗ ಹುಟ್ಟಿದ ರಮೇಶ್ ನಾರಾಯಣ್ ಮತ್ತ ಅವರ ಜೋಡಿ ಯೀ ಅಂತ 1994ರಿಂದ ಇದರ ಲೆಕ್ಕ ಕಟ್ಟಿದ್ರು, ನಮ್ಮ ಆಕಾಶಗಂಗೆಯ ಕಪ್ಪು ಕುಳಿ ಇಷ್ಟು ಮಂಕ ಯಾಕ ಅನ್ನೂದಕ್ಕ ಅದ ಉತ್ತರ.

ಇಷ್ಟು ದೂರದ, ಫೋಟೋದಾಗೂ ಬರದ ಡಿಸ್ಕನ್ನ ಅಳಿಯೂದು ಹೆಂಗ?

ಗೋಲಗುಮ್ಮಟದಾಗ ಚಪ್ಪಾಳಿ ಹೊಡದಂಗ. ಮ್ಯಾಲ ಪಿಸುಗ್ಯಾಲರಿಯಾಗ ನಿಂತು ಒಮ್ಮೆ ಚಪ್ಪಾಳಿ ಹೊಡೀರಿ, ಗುಮ್ಮಟದ ಒಳಗಿನ ಅಗಲ ಸುಮಾರ 38 ಮೀಟರ್, ಸದ್ದು ಆ ಗ್ವಾಡಿಗೆ ಹೋಗಿ ಹೊಳ್ಳಿ ಬರಾಕ ಸೆಕೆಂಡಿನ ಐದನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಕಣ್ಣು ಕಟ್ಟಿ ಕರಕೊಂಡು ಹೋದ್ರೂ ತಡ ಕೇಳಿ ಅಗಲ ಹೇಳಬಹುದು, ಶಾಲಿ ಹುಡುಗ್ರು ಒದರಾಕತ್ತಿರದಿದ್ರ. ಕಪ್ಪು ಕುಳಿ ಹತ್ರ ಬೆಳಕು ಮಿಣುಕತೈತಿ, ಅದ ಮಿಣುಕು ಸುತ್ತಿನ ಗ್ಯಾಸಿಗೆ ಬಡದು ತಡವಾಗಿ ಎರಡನೇ ಸಲ ಕಾಣತೈತಿ. ತಡ ಗುಣಿಸು ಬೆಳಕಿನ ವೇಗ, ದೂರ ಬಂತು. ಕ್ವೇಸಾರಿನ ಸುತ್ತಿನ ಮೋಡಗಳಿಗೆ ಈ ತಡ ದಿನದಿಂದ ತಿಂಗಳ ತನಕ ಇರತೈತಿ. ಇಷ್ಟು ಸರಳ ಉಪಾಯ, ನನಗಂತೂ ಫೋಟೋಗಿಂತ ಇದ ಚಂದ ಅನಸತೈತಿ.

ಕೆಲವು ಕಪ್ಪು ಕುಳಿ ಹತ್ರದಿಂದ ಬುಗ್ಗಿ ಹಂಗ ಹಾರೋ ಗ್ಯಾಸಿನ ಧಾರಿ, ಅಂದ್ರ ಜೆಟ್, ಎಲ್ಲಿಂದ ಬರತೈತಿ?

ಆಯಸ್ಕಾಂತ ರೇಖೆ ಸುತ್ತಿ ಸುತ್ತಿ ಹುರಿ ಆಗಿ ಅಕ್ಷದ ಗುಂಟ ಗ್ಯಾಸು ಎಸೀತಾವ. ಶಕ್ತಿ ಡಿಸ್ಕಿಂದಾ ಇಲ್ಲಾ ಕಪ್ಪು ಕುಳಿಯ ಸ್ವಂತ ಸುತ್ತಿಂದಾ ಅಂತ ಎರಡು ದಾರಿ, 1977ರಿಂದ 1982ರ ಒಳಗ ಎರಡಕ್ಕೂ ಲೆಕ್ಕ ಬಂದಾವ, ಬ್ಲಾಂಡ್‌ಫೋರ್ಡ್ ಹೆಸರು ಎರಡರಾಗೂ ಐತಿ. ಎಂ87ರ ಜೆಟ್ 1918ರಾಗಲೇ ಕರ್ಟಿಸ್ ಕಣ್ಣಿಗೆ ಬಿದ್ದಿತ್ತು.

ನಮ್ಮ ದೇಶದವರು ಈಗ ಏನ ಮಾಡಾಕತ್ತಾರ?

ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 28 ಸೆಪ್ಟೆಂಬರ್ 2015ಕ್ಕ ಹಾರಿತು, ಅಲ್ಟ್ರಾವೈಲೆಟ್ಟಿಂದ ಎಕ್ಸ್‌ರೇ ತನಕ ಒಂದ ಹೊತ್ತಿಗೆ ನೋಡತೈತಿ, ಇಂಥಾ ಡಿಸ್ಕಿಗೆ ಹೇಳಿ ಮಾಡಿಸಿದಂಗ. 1 ಜನವರಿ 2024ಕ್ಕ ಎಕ್ಸ್‌ರೇ ನೋಡೋ ಇನ್ನೊಂದು ಉಪಗ್ರಹ ಎಕ್ಸ್‌ಪೋಸ್ಯಾಟ್ ಹಾರಿತು, ಅದರ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಾಗ ತಯಾರಾದದ್ದು. ಕಪ್ಪು ಕುಳಿ ವಿಷಯದಾಗ ನಮ್ಮ ಕನ್ನಡದವರು ಅಂದ್ರ ಸಿ. ವಿ. ವಿಶ್ವೇಶ್ವರ, ಕಪ್ಪು ಕುಳಿ ಗಂಟಿ ಹಂಗ ನಾದ ಬಿಟ್ಟು ಶಾಂತ ಆಕ್ಕೈತಿ ಅಂತ 1970ರಾಗ ತೋರಿಸಿದವರು, ಬೆಂಗಳೂರು ತಾರಾಲಯ ಕಟ್ಟಿ ಬೆಳಸಿದವರು.

ಬರೇ ಕಣ್ಣಿಲೆ ನೋಡಾಕ ಒಂದರ ಡಿಸ್ಕ್ ಐತೇನ್ರಿ?

ಡಿಸ್ಕ್ ಅಂತ ಬಿಡಿಸಿ ಕಾಣೂದಿಲ್ಲ, ಆದ್ರ ಡಿಸ್ಕ್ ಇರೋ ನಕ್ಷತ್ರ ಐತಿ, ಅದರ ಆಟ ಬರೇ ಕಣ್ಣಿಗೆ ತಿಳೀತೈತಿ. ಅಭಿಜಿತ್ ನಕ್ಷತ್ರದ ಹತ್ರ ಒಂದು ಸಣ್ಣ ಸೊಟ್ಟ ಚೌಕ ಐತಲ್ಲ, ಅದರ ಕೆಳಗಿನ ಎರಡರಾಗ ಒಂದು ಬೀಟಾ ಲೈರೇ. ಅಲ್ಲಿ ಒಂದು ನಕ್ಷತ್ರ ಉಕ್ಕಿ ಇನ್ನೊಂದರ ಮ್ಯಾಲ ಸುರೀತೈತಿ, ತಗೋಳ್ಳೋ ನಕ್ಷತ್ರ ದಪ್ಪ ಡಿಸ್ಕಿನ ಹಿಂದ ಮುಚ್ಚಿಹೋಗೈತಿ. ಒಂದರ ಮುಂದ ಒಂದು ಬಂದಾಗ ಬೆಳಕು ಕಡಿಮಿ, 12.9 ದಿನಕ್ಕ ಒಂದು ಸುತ್ತು. ಮಾಲು ಈ ಕಡೆ ಬಂದಂಗ ಸುತ್ತಿನ ಅವಧಿ ವರ್ಷಕ್ಕ 19 ಸೆಕೆಂಡು ಉದ್ದ ಆಕ್ಕೋತ ಹೊಂಟೈತಿ. 1784ರಾಗ ಇದನ್ನ ಹಿಡದಾಂವ ಗುಡ್‌ರಿಕ್, ಕಿವಿ ಕೇಳದ, ಇನ್ನೂ ಇಪ್ಪತ್ತರ ಹೊಸ್ತಿಲದಾಗಿದ್ದ ಹುಡುಗ.

ನೋಡೋ ರೀತಿ: ಪಕ್ಕದಾಗ ಗಾಮಾ ಲೈರೇ ಅಂತ ಬೆಳಕು ಬದಲಾಗದ ನಕ್ಷತ್ರ ಐತಿ. ಬೀಟಾ ಪೂರ್ತಿ ಹೊಳಿಯುವಾಗ ಎರಡೂ ಅಣ್ಣತಮ್ಮರಂಗ ಒಂದ ಸಮ. ಆಳದ ಗ್ರಹಣಕ್ಕ ಬಂದಾಗ ಬೀಟಾ ಮೂರನೇ ಒಂದು ಪಾಲಿಗೆ ಹತ್ರ ಇಳೀತೈತಿ, ಯಾರಿಗರ ತೋರಿಸಿದ್ರ ಅವರ ಹೇಳತಾರ "ಇದು ಮಬ್ಬ ಐತಿ" ಅಂತ. ನಾ ಮಾಳಗಿ ಮ್ಯಾಲ ವಹಿ ಇಟ್ಕೊಂಡು ಎರಡು ತಿಂಗಳು ದಿನಾ ಬರದೆ, ಸಮ, ಸಮ, ಸ್ವಲ್ಪ ಮಬ್ಬ, ಭಾಳ ಮಬ್ಬ, ನಡುವ ಮೋಡ ಬಂದು ಹದಿನಾಲ್ಕು ದಿನ ಖಾಲಿ, ಆದ್ರೂ ಗ್ರಾಫ್ ಹಾಕಿದಾಗ ಎರಡು ತಗ್ಗು ಚಂದಂಗ ಮೂಡಿದ್ವು, ಒಂದು ಆಳ ಒಂದು ಅರ್ಧ. ಮಳಿಗಾಲದಾಗ ಅದು ನೆತ್ತಿ ಮ್ಯಾಲ ಇರತೈತಿ, ಮೋಡ ಬಿಡೂದಿಲ್ಲ. ದಸರಾ ಆದ ಮ್ಯಾಲ ಶುರು ಮಾಡ್ರಿ, ಸಂಜಿ ಏಳೂವರಿಗೆ ವಾಯವ್ಯಕ್ಕ ಮಾರಿ ಮಾಡಿ ನಿಂದ್ರಿ, ಓಣಿ ಲೈಟಿಗೆ ಬೆನ್ನ ಇರಲಿ, ಮೊಬೈಲ್ ಕಿಸೆದಾಗ ಇರಲಿ.